ರೋಲ್‌ಬ್ಯಾಕ್: ತುದಿ ದಾಟದೆ ಹಿಂದೆ ಜಾರುವ ರೈಲು

ಸೈಕಲ್ ತುಳಿದು ಏರು ಹತ್ತುತ್ತಿದ್ದೀರಿ. ಇನ್ನೇನು ತುದಿ ಬಂತು ಅನ್ನುವಷ್ಟರಲ್ಲಿ ದಮ್ಮು ಸಾಲುವುದಿಲ್ಲ. ಕಾಲು ಊರದಿದ್ದರೆ ಸೈಕಲ್ ಹಿಂದಕ್ಕೆ ಜಾರುತ್ತದೆ, ಅಲ್ವಾ? ಇದನ್ನೇ 139 ಮೀಟರ್ ಎತ್ತರದ ರೋಲರ್ ಕೋಸ್ಟರ್ ಹಳಿಯ ಮೇಲೆ, 18 ಜನರನ್ನು ಕೂರಿಸಿಕೊಂಡ ರೈಲು ಮಾಡಿದರೆ ಅದಕ್ಕೆ ರೋಲ್‌ಬ್ಯಾಕ್ ಅನ್ನುತ್ತಾರೆ.

ಹಳೇ ಪದ್ಧತಿಯ ರೋಲರ್ ಕೋಸ್ಟರ್‌ನಲ್ಲಿ ಚೈನು ರೈಲನ್ನು ಮೇಲಕ್ಕೆ ಎಳೆಯುತ್ತದೆ. ಆಗ ಕೇಳುವ ಕಟಕಟ ಸದ್ದು ರೈಲು ಹಿಂದೆ ಜಾರದ ಹಾಗೆ ತಡೆಯುವ ಹಲ್ಲುಗಳದ್ದು. ಲಾಂಚ್ ಕೋಸ್ಟರ್‌ನಲ್ಲಿ ಆ ಏರಿಗೆ ಚೈನೂ ಇಲ್ಲ, ಹಲ್ಲೂ ಇಲ್ಲ. ಕವಣೆಯಲ್ಲಿ ಕಲ್ಲು ಬೀಸಿದ ಹಾಗೆ, ನೆಲಮಟ್ಟದಲ್ಲೇ ಪೂರ್ತಿ ವೇಗ ಕೊಟ್ಟು ರೈಲನ್ನು ಬಿಟ್ಟುಬಿಡುತ್ತಾರೆ. ವೇಗ ಸಾಕಾದರೆ ತುದಿ ದಾಟುತ್ತದೆ. ಸಾಲದಿದ್ದರೆ ಬಂದ ದಾರಿಯಲ್ಲೇ ವಾಪಸ್.

ಈ ಪದಕ್ಕೆ ಹೆಸರು ತಂದ ಕೋಸ್ಟರ್‌ಗಳಲ್ಲಿ ನನಗೆ ಅಚ್ಚುಮೆಚ್ಚು ಕಿಂಗ್ಡಾ ಕಾ. ಅಮೆರಿಕದ ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಪಾರ್ಕಿನಲ್ಲಿ 2005ರ ಮೇ 21ರಂದು ಇದು ಶುರುವಾಯಿತು. 3.5 ಸೆಕೆಂಡಿನಲ್ಲಿ ಗಂಟೆಗೆ 206 ಕಿ.ಮೀ. ವೇಗ. ಅಂದಿಗೆ ಜಗತ್ತಿನ ಅತಿ ಎತ್ತರದ, ಅತಿ ವೇಗದ ಕೋಸ್ಟರ್ ಎರಡೂ ಇದೇ. ಅದಕ್ಕೆ ಮುಂಚೆ ಆ ಎರಡೂ ದಾಖಲೆ ಓಹಾಯೊದ ಸೀಡರ್ ಪಾಯಿಂಟ್ ಪಾರ್ಕಿನಲ್ಲಿದ್ದ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್‌ನ ಕೈಯಲ್ಲಿದ್ದವು. 2003ರಲ್ಲಿ ಬಂದ ಅದರ ಎತ್ತರ 128 ಮೀಟರ್. ಎರಡನ್ನೂ ಮಾಡಿದ್ದು ಇಂಟಮಿನ್ ಕಂಪನಿ.

ತಳ್ಳುವ ವಿಧಾನ ನೋಡಿ. ಪಂಪುಗಳು ಎಣ್ಣೆಯನ್ನು ಸಿಲಿಂಡರ್‌ಗಳಿಗೆ ತುಂಬಿ, ಅಲ್ಲಿರುವ ನೈಟ್ರೋಜನ್ ಅನಿಲವನ್ನು ಅದುಮಿಡುತ್ತವೆ. ಬಿಟ್ಟ ತಕ್ಷಣ ಅನಿಲ ಹಿಗ್ಗಿ ಎಣ್ಣೆಯನ್ನು ನೂಕುತ್ತದೆ, ಎಣ್ಣೆ ಮೋಟಾರುಗಳನ್ನು ತಿರುಗಿಸುತ್ತದೆ, ಮೋಟಾರು ಒಂದು ದೊಡ್ಡ ಡ್ರಮ್ಮನ್ನು. ಡ್ರಮ್ಮಿಗೆ ಉಕ್ಕಿನ ಹಗ್ಗ ಸರಸರ ಸುತ್ತಿಕೊಳ್ಳುತ್ತದೆ. ಹಗ್ಗದ ತುದಿಯಲ್ಲಿರುವ ಪುಟ್ಟ ಗಾಡಿ ರೈಲನ್ನು ಕೆಳಗಿನಿಂದ ಹಿಡಿದು ಎಳೆದೊಯ್ದು, ಕೊನೆಯಲ್ಲಿ ಕೈಬಿಡುತ್ತದೆ. ಇಷ್ಟೂ ಆಗೋದು ನೀವು ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ.

ಸುಮ್ನೆ ಒಂದು ಲೆಕ್ಕ ಹಾಕೋಣ. ಗಂಟೆಗೆ 206 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 57 ಮೀಟರ್. ಗಾಳಿ, ಘರ್ಷಣೆ ಏನೂ ಇಲ್ಲದಿದ್ದರೆ ಈ ವೇಗಕ್ಕೆ ರೈಲು ಸುಮಾರು 167 ಮೀಟರ್ ಏರಬಹುದು. ಹತ್ತಬೇಕಾದದ್ದು 139. ಉಳಿಯೋದು ಬರೀ 28 ಮೀಟರ್. ಅದರಲ್ಲೂ ಗಾಳಿ, ಚಕ್ರದ ಘರ್ಷಣೆ ತಮ್ಮ ಪಾಲು ಕಿತ್ತುಕೊಳ್ಳುತ್ತವೆ. ಎದುರುಗಾಳಿ ಸ್ವಲ್ಪ ಜಾಸ್ತಿಯಾದರೆ, ಚಕ್ರ ಇನ್ನೂ ತಣ್ಣಗಿದ್ದರೆ ರೈಲು ತುದಿಯ ಹತ್ತಿರ ತೆವಳಲು ಶುರು ಮಾಡುತ್ತದೆ. ಹಾಗಾದರೆ ಇನ್ನೂ ಜೋರಾಗಿ ತಳ್ಳಬಾರದಾ? ತಳ್ಳಬಹುದು. ಆದರೆ ಆ ತುದಿಯನ್ನು ತುಂಬಾ ವೇಗವಾಗಿ ದಾಟಿದರೆ ಕೂತವರನ್ನು ಸೀಟಿನಿಂದ ಮೇಲಕ್ಕೆ ಎಸೆದ ಹಾಗಾಗುತ್ತದೆ. ಅದಕ್ಕೇ ಸಾಕೋ ಬೇಕೋ ಅನ್ನುವಷ್ಟೇ ವೇಗ.

ಹಿಂದೆ ಜಾರಿದರೆ ಗತಿ? ಇಲ್ಲೇ ಈ ಯಂತ್ರದ ಬಗ್ಗೆ ನನಗೆ ಗೌರವ ಹೆಚ್ಚಾಗೋದು. ಲಾಂಚ್ ಹಳಿಯ ನಡುವೆ ಲೋಹದ ಬ್ರೇಕ್ ಫಲಕಗಳ ಉದ್ದ ಸಾಲು ಇರುತ್ತದೆ. ಹೊರಡುವ ಮುಂಚೆ ಅವು ಕೆಳಗೆ ಇಳಿಯುತ್ತವೆ. ರೈಲು ದಾಟಿ ಹೋದ ಹಾಗೇ ಮತ್ತೆ ಎದ್ದು ನಿಲ್ಲುತ್ತವೆ. ಹಿಂದೆ ಬಂದ ರೈಲು ಈ ಸಾಲಿಗೆ ಸಿಕ್ಕಿದ ಕೂಡಲೇ ನಿಧಾನವಾಗುತ್ತದೆ. ಒಂದು ಕಡೆ ಅಯಸ್ಕಾಂತ, ಇನ್ನೊಂದು ಕಡೆ ಲೋಹ. ಒಂದಕ್ಕೊಂದು ತಾಗುವುದಿಲ್ಲ. ಈ ಬ್ರೇಕಿನ ಹಿಡಿತಕ್ಕೆ ಕರೆಂಟು ಬೇಕಿಲ್ಲ, ಸವೆತವೂ ಇಲ್ಲ. ಅಂದರೆ ರೋಲ್‌ಬ್ಯಾಕ್ ಅಪಘಾತವಲ್ಲ. ಆಗಬಹುದು ಅಂತ ಮೊದಲೇ ಗೊತ್ತಿದ್ದು, ಅದಕ್ಕೆ ಜಾಗ ಮಾಡಿಟ್ಟಿದ್ದು. ಕೋಸ್ಟರ್ ಪ್ರೇಮಿಗಳಿಗಂತೂ ರೋಲ್‌ಬ್ಯಾಕ್ ಸಿಗೋದು ಅದೃಷ್ಟ. ಒಂದೇ ಸರದಿಯಲ್ಲಿ ಎರಡು ಸಲ ಲಾಂಚ್ ಆಗುತ್ತಲ್ಲ!

ಬೆಂಗಳೂರಿನ ವಂಡರ್‌ಲಾದಲ್ಲಿ ರಿಕಾಯಿಲ್ ಹತ್ತಿದವರು ನಾವೂ ಹಿಂದಕ್ಕೆ ಹೋಗಿದ್ದೀವಿ ಅನ್ನಬಹುದು. ಅದು ರೋಲ್‌ಬ್ಯಾಕ್ ಅಲ್ಲ. ಅಲ್ಲಿ ರೈಲು ಪ್ರತಿ ಸಲವೂ ಹಿಂದಕ್ಕೆ ಬರಲೇಬೇಕು, ಆಟವೇ ಹಾಗಿದೆ. ತುದಿ ದಾಟಬೇಕಿದ್ದ ರೈಲು ದಾಟದೆ ವಾಪಸ್ ಬಂದಾಗ ಮಾತ್ರ ಈ ಪದ ಸಲ್ಲುತ್ತದೆ.

2010ರಲ್ಲಿ ಅಬುಧಾಬಿಯ ಫಾರ್ಮುಲಾ ರೊಸ್ಸಾ ಗಂಟೆಗೆ 240 ಕಿ.ಮೀ. ಓಡಿ ವೇಗದ ದಾಖಲೆ ಕಿತ್ತುಕೊಂಡಿತು. ಎತ್ತರದ ದಾಖಲೆ ಮಾತ್ರ ಕೊನೇ ಸವಾರಿಯವರೆಗೂ ಕಿಂಗ್ಡಾ ಕಾ ಹೆಸರಿನಲ್ಲೇ ಇತ್ತು. ಆ ಸವಾರಿ ನಡೆದದ್ದು 2024ರ ನವೆಂಬರ್ 10ರಂದು. ಇನ್ನು ಓಡಿಸುವುದಿಲ್ಲ ಅಂತ ಪಾರ್ಕು ಹೇಳಿದ್ದು ನಾಲ್ಕು ದಿನ ಕಳೆದ ಮೇಲೆ. ಕೊನೇ ಸಲ ಹತ್ತಿ ಬರೋಣ ಅನ್ನಲು ಯಾರಿಗೂ ಅವಕಾಶವೇ ಸಿಗಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ. 2025ರ ಫೆಬ್ರವರಿ 28ರ ಬೆಳಿಗ್ಗೆ ಸ್ಫೋಟಕ ಇಟ್ಟು ಗೋಪುರವನ್ನು ಕೆಡವಿದರು.

ಡ್ರ್ಯಾಗ್‌ಸ್ಟರ್‌ನ ದಾರಿ ಬೇರೆಯಾಯಿತು. 2021ರಲ್ಲಿ ರೈಲಿನಿಂದ ಕಳಚಿದ ಲೋಹದ ತುಂಡು ಬಡಿದು ಸರದಿಯಲ್ಲಿ ನಿಂತಿದ್ದ ಮಹಿಳೆಗೆ ಗಂಭೀರ ಗಾಯವಾಯಿತು. ಕೋಸ್ಟರ್ ನಿಂತಿತು. 2024ರಲ್ಲಿ ಅದೇ ಗೋಪುರ ಟಾಪ್ ಥ್ರಿಲ್ 2 ಆಗಿ ಬಂತು. ಈಗ ಎಣ್ಣೆ, ಹಗ್ಗ ಇಲ್ಲ, ವಿದ್ಯುತ್ಕಾಂತಗಳೇ ತಳ್ಳುತ್ತವೆ. ಮೊದಲ ಸಲ ಬೇಕೆಂದೇ ಕಡಿಮೆ ವೇಗ, ಗಂಟೆಗೆ ಸುಮಾರು 119 ಕಿ.ಮೀ. ರೈಲು ಅರ್ಧ ಏರಿ ಹಿಂದೆ ಜಾರುತ್ತದೆ. ಜಾರುತ್ತಿರುವಾಗಲೇ ಮತ್ತೆ ತಳ್ಳು. ಹಿಂಬದಿಗೆ ಹೊಸದಾಗಿ ಕಟ್ಟಿದ 128 ಮೀಟರ್‌ನ ನೆಟ್ಟಗಿನ ಹಳಿಯನ್ನು ರೈಲು ಬೆನ್ನು ಮುಂದಾಗಿ ಏರುತ್ತದೆ. ಅಲ್ಲಿಂದ ಇಳಿಯುವಾಗ ಮೂರನೇ ತಳ್ಳು, 193 ಕಿ.ಮೀ. ಆಗ ತುದಿ ದಾಟುತ್ತದೆ.