ಕಾರಿಗೆ ಹೇಳುವ ಬಿಸಿ ಸುಳ್ಳು: ಎಲ್‌ಇಡಿ ಇಂಡಿಕೇಟರ್‌ಗೆ ಲೋಡ್ ರೆಸಿಸ್ಟರ್

ಮಂಡ್ಯದ ಗುತ್ತಲು ರಸ್ತೆ ಕಡೆ ಗೆಳೆಯನದೊಂದು ಸಣ್ಣ ಗ್ಯಾರೇಜ್ ಇದೆ. ರಜೆ ಸಿಕ್ಕಾಗೆಲ್ಲ ಅಲ್ಲಿ ಕೂತು ವೈರಿಂಗ್ ಕೆಲಸ ಕಲಿಯುತ್ತೇನೆ. ಅಲ್ಲಿ ಬರೆದುಕೊಂಡ ಟಿಪ್ಪಣಿ ಇದು. ನನ್ನ ಹಾಗೆ ಈಗಷ್ಟೇ ಕಲಿಯುತ್ತಿರುವವರಿಗೆ.

ಇಂಡಿಕೇಟರ್ ಬಲ್ಬ್ ತೆಗೆದು ಎಲ್‌ಇಡಿ ಹಾಕಿದ ಕೂಡಲೇ ಟಿಕ್ ಟಿಕ್ ಅನ್ನುತ್ತಿದ್ದದ್ದು ಟಿಕಟಿಕಟಿಕ ಅಂತ ಓಡತೊಡಗುತ್ತದೆ. ಎಲ್‌ಇಡಿ ಕೆಟ್ಟಿದೆ ಅಂದುಕೊಂಡು ಅಂಗಡಿಗೆ ವಾಪಸ್ ಒಯ್ಯುವವರೇ ಜಾಸ್ತಿ. ಎಲ್‌ಇಡಿ ಸರಿಯಾಗೇ ಇರುತ್ತದೆ. ಬಲ್ಬ್ ಸುಟ್ಟುಹೋಗಿದೆ ಅಂತ ಕಾರು ಅಂದುಕೊಂಡಿರುತ್ತದೆ, ಅಷ್ಟೇ.

ಯಾಕೆ ಹಾಗೆ? ಅಂಗಡಿಯಲ್ಲಿ 1156 ಅಂತ ಕೇಳುವ ಬಲ್ಬ್ 21 ವ್ಯಾಟ್‌ನದು. 12 ವೋಲ್ಟ್‌ಗೆ ಸುಮಾರು 1.75 ಆಂಪ್ ಎಳೆಯುತ್ತದೆ. ಅದರ ಜಾಗದಲ್ಲಿ ಹಾಕುವ 3 ವ್ಯಾಟ್ ಎಲ್‌ಇಡಿ ಎಳೆಯುವುದು ಕಾಲು ಆಂಪ್. ಇಂಡಿಕೇಟರನ್ನು ಮಿಣುಕಿಸುವ ಪುಟ್ಟ ಸ್ವಿಚ್ಚೇ ಫ್ಲಾಷರ್ ರಿಲೇ. ಅದು ಕರೆಂಟನ್ನು ಅಳೆಯುತ್ತಾ ಕೂತಿರುತ್ತದೆ. ಕರೆಂಟ್ ಇಳಿದರೆ ಒಂದು ಬಲ್ಬ್ ಹೋಯಿತು ಅಂತ ಲೆಕ್ಕ ಹಾಕಿ, ಡ್ರೈವರ್‌ಗೆ ಗೊತ್ತಾಗಲಿ ಅಂತ ವೇಗವಾಗಿ ಮಿಣುಕಿಸುತ್ತದೆ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿಣುಕಬೇಕು ಅನ್ನುವುದು ನಿಯಮ. ಹೀಗೆ ಓಡುವ ಇಂಡಿಕೇಟರ್ ಅದನ್ನು ದಾಟಿಬಿಡುತ್ತದೆ. ಹಳೇ ಗಾಡಿಗಳಲ್ಲಿ ಕಾದು ಬಾಗುವ ಪಟ್ಟಿಯ ಫ್ಲಾಷರ್ ಇರುತ್ತದೆ. ಅಲ್ಲಿ ಕಥೆ ಉಲ್ಟಾ. ಕರೆಂಟ್ ಸಾಲದೆ ಪಟ್ಟಿ ಕಾಯುವುದೇ ಇಲ್ಲ, ಇಂಡಿಕೇಟರ್ ಮಿಣುಕುವುದೂ ಇಲ್ಲ.

ಲೋಡ್ ರೆಸಿಸ್ಟರ್ ಮಾಡುವ ಕೆಲಸ ಒಂದೇ. ಎಲ್‌ಇಡಿ ಉಳಿಸಿದ ಕರೆಂಟನ್ನು ತಾನು ಕುಡಿದು, ಹಳೇ ಬಲ್ಬ್ ಇನ್ನೂ ಇದೆ ಅಂತ ಕಾರಿಗೆ ಸುಳ್ಳು ಹೇಳುವುದು. ಕುಡಿದದ್ದೆಲ್ಲ ಶಾಖವಾಗಿ ಹೊರಗೆ ಬರುತ್ತದೆ. ವೈರಿಂಗ್ ಹತ್ತು ನಿಮಿಷದ ಕೆಲಸ. ಆ ಶಾಖವನ್ನು ಎಲ್ಲಿ ಕೂರಿಸುವುದು ಅನ್ನುವುದೇ ನಿಜವಾದ ಕೆಲಸ.

ಎಷ್ಟು ಓಮ್?

ಓಮ್ ಅಂದರೆ ರೋಧದ, ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ, ವ್ಯಾಟ್‌ನಿಂದ ಭಾಗಿಸಿ. 12 × 12 ÷ 21 = 6.86. ಇದಕ್ಕೆ ಹತ್ತಿರ ಅಂತಲೇ ಅಂಗಡಿಗಳಲ್ಲಿ 6 ಓಮ್, 50 ವ್ಯಾಟ್‌ನ ಹೊಂಬಣ್ಣದ ಅಲ್ಯೂಮಿನಿಯಂ ಮೈಯ ರೆಸಿಸ್ಟರ್ ಸಿಗುವುದು.

ಇಲ್ಲಿ ನಾನು ಅರ್ಧ ದಿನ ಕಳೆದೆ. ಲೆಕ್ಕ ಪರೀಕ್ಷಿಸೋಣ ಅಂತ ಹಳೇ ಬಲ್ಬನ್ನೇ ಮಲ್ಟಿಮೀಟರ್‌ಗೆ ಕೊಟ್ಟೆ. ಒಂದು ಓಮ್ ಕೂಡ ತೋರಿಸಲಿಲ್ಲ! ಮೀಟರ್ ಕೆಟ್ಟಿದೆ ಅಂತ ಇನ್ನೊಂದು ತಂದೆ, ಅದೂ ಅಷ್ಟೇ. ಆಮೇಲೆ ತಿಳಿಯಿತು, ಬಲ್ಬಿನ ತಂತಿ ತಣ್ಣಗಿದ್ದಾಗ ಅದರ ರೋಧ ತುಂಬಾ ಕಡಿಮೆ. ಉರಿಯುವಾಗ ಅದು ಸುಮಾರು ಹತ್ತು ಪಟ್ಟು ಏರುತ್ತದೆ. ಮೈಸೂರು ಅರಮನೆಯ ದೀಪಗಳ ಆ ಬೆಚ್ಚಗಿನ ಹಳದಿ ನೆನಪಿದೆಯಲ್ವಾ? ತಂತಿ ಅಷ್ಟು ಕಾದಾಗಿನ ರೋಧವೇ 6.86 ಓಮ್. ಮೀಟರ್ ನೋಡಿ ಒಂದು ಓಮ್‌ನ ರೆಸಿಸ್ಟರ್ ತಂದು ಜೋಡಿಸಿದ್ದರೆ 12 ಆಂಪ್ ಹರಿದು ಫ್ಯೂಸ್ ಜೊತೆಗೆ ವೈರಿನ ಕಥೆಯೂ ಮುಗಿಯುತ್ತಿತ್ತೇನೋ.

ಇಂಜಿನ್ ಓಡುವಾಗ ವೋಲ್ಟೇಜ್ 14ರ ಹತ್ತಿರ ಇರುತ್ತದೆ. ಆಗ 6 ಓಮ್ ರೆಸಿಸ್ಟರ್‌ನಲ್ಲಿ 14 × 14 ÷ 6, ಅಂದರೆ ಸುಮಾರು 33 ವ್ಯಾಟ್. ಇಂಡಿಕೇಟರ್ ಅರ್ಧ ಹೊತ್ತು ಆರಿರುವುದರಿಂದ ಸರಾಸರಿ 16 ವ್ಯಾಟ್. ಕಡಿಮೆ ಅನ್ನಿಸಿತಾ? ನಾವು ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ 25 ವ್ಯಾಟ್‌ನದು. ಮೇಲೆ 50 ವ್ಯಾಟ್ ಅಂತ ಬರೆದಿದ್ದರೂ ಅದು ಲೋಹಕ್ಕೆ ಬಿಗಿದಾಗಿನ ಲೆಕ್ಕ. ಗಾಳಿಯಲ್ಲಿ ನೇತಾಡಿಸಿದರೆ ಅಷ್ಟು ತಾಳುವುದಿಲ್ಲ.

ನಾನು ಮಾಡಿದ ಎಡವಟ್ಟು

ಮೊದಲ ಸಲ ನಮ್ಮ ಮನೆಯ ಕಾರಿಗೇ ಹಾಕಿದ್ದು. ಉತ್ಸಾಹದಲ್ಲಿ ಬ್ರೇಕ್ ಲೈಟ್‌ಗೂ ಎಲ್‌ಇಡಿ, ಅದಕ್ಕೂ ಒಂದೊಂದು ರೆಸಿಸ್ಟರ್. ಎಲ್ಲವನ್ನೂ ಪ್ಲಾಸ್ಟಿಕ್ ಟ್ಯಾಗ್‌ನಿಂದ ದೀಪದ ಡೂಮಿನ, ಅಂದರೆ ಪ್ಲಾಸ್ಟಿಕ್ ಗೂಡಿನ, ಹಿಂಭಾಗಕ್ಕೆ ಕಟ್ಟಿದೆ. ದಸರೆ ದೀಪ ನೋಡಲು ಮೈಸೂರಿಗೆ ಹೊರಟೆವು. ಊರೊಳಗೆ ಬಂದಮೇಲೆ ಗಾಡಿ ಆಮೆಯಂತೆ ಹೋಗುತ್ತಿತ್ತು, ಕಾಲು ಬ್ರೇಕ್ ಮೇಲೇ. ಅರ್ಧ ಗಂಟೆಯಲ್ಲಿ ಡಿಕ್ಕಿಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ. ತೆಗೆದು ನೋಡಿದರೆ ಟ್ಯಾಗ್ ಕರಗಿತ್ತು, ಡೂಮ್ ಒಳಕ್ಕೆ ಗುಳಿ ಬಿದ್ದಿತ್ತು, ರೆಸಿಸ್ಟರ್ ಕೆಳಗಿನ ಕಾರ್ಪೆಟ್ ಮೇಲೆ ಬಿದ್ದಿತ್ತು. ಅಮ್ಮ ಮಡಿಲಲ್ಲಿ ಇಟ್ಟುಕೊಂಡಿದ್ದ ಮಲ್ಲಿಗೆಯ ವಾಸನೆಯೂ ಬರಲಿಲ್ಲ ಅಂತ ಇವತ್ತಿಗೂ ಆಡಿಕೊಳ್ಳುತ್ತಾರೆ.

ತಪ್ಪು ಎರಡು. ಬ್ರೇಕ್ ಲೈಟ್ ಮಿಣುಕುವುದಿಲ್ಲ, ಒತ್ತಿದಷ್ಟು ಹೊತ್ತೂ ಉರಿಯುತ್ತದೆ. ಅಲ್ಲಿ 33 ವ್ಯಾಟ್ ಪೂರ್ತಿ ಶಾಖ. ಜೊತೆಗೆ, ನಮ್ಮ ಕಾರಿಗೆ ಅಲ್ಲಿ ರೆಸಿಸ್ಟರ್ ಬೇಕಾಗಿಯೇ ಇರಲಿಲ್ಲ. ಬಲ್ಬ್ ಹೋಗಿದೆ ಅಂತ ಡ್ಯಾಶ್‌ಬೋರ್ಡಿನಲ್ಲಿ ತೋರಿಸುವ ಕಾರುಗಳಿಗಷ್ಟೇ ಅದರ ಚಿಂತೆ. ಸಾದಾ ಕಾರಿಗೆ ಇಂಡಿಕೇಟರ್ ಬಿಟ್ಟು ಬೇರೆಲ್ಲೂ ಸುಮ್ನೆ ಹಾಕಬೇಡಿ.

ಜೋಡಿಸುವುದು

ರೆಸಿಸ್ಟರ್‌ನ ಎರಡು ವೈರಿಗೆ ಪ್ಲಸ್ ಮೈನಸ್ ಇಲ್ಲ. ಒಂದನ್ನು ಇಂಡಿಕೇಟರ್ ವೈರಿಗೆ, ಇನ್ನೊಂದನ್ನು ಅದೇ ಹೋಲ್ಡರ್‌ನ ಅರ್ಥಿಂಗ್ ವೈರಿಗೆ ಸೇರಿಸಿ. ಅಂದರೆ ಬಲ್ಬಿಗೆ ಪಕ್ಕಪಕ್ಕ, ಪ್ಯಾರಲಲ್. ಶಾಲೆಯಲ್ಲಿ ಪುಟ್ಟ ಎಲ್‌ಇಡಿಗೆ ರೆಸಿಸ್ಟರನ್ನು ಸೀರೀಸ್‌ನಲ್ಲಿ ಹಾಕಿದ್ದು ತಲೆಯಲ್ಲಿ ಕೂತಿರುತ್ತದೆ. ಅದು ಎಲ್‌ಇಡಿಯನ್ನು ಕಾಪಾಡಲು, ಇದು ಕರೆಂಟ್ ಎಳೆಯಲು. ಇಲ್ಲಿ ಸೀರೀಸ್‌ನಲ್ಲಿ ಹಾಕಿದರೆ ಕರೆಂಟ್ ಏರುವುದಿಲ್ಲ, ಬೆಳಕು ಕೊಂಚ ಮಂಕಾಗಬಹುದು, ಟಿಕಟಿಕ ಹಾಗೇ ಇರುತ್ತದೆ.

ವೈರಿನ ಬಣ್ಣ ನಂಬಬೇಡಿ, ಕಾರಿಂದ ಕಾರಿಗೆ ಬೇರೆ. ಇಂಡಿಕೇಟರ್ ಹಾಕಿ ಟೆಸ್ಟ್ ಲ್ಯಾಂಪ್ ಹಿಡಿಯಿರಿ, ತಾಳಕ್ಕೆ ಸರಿಯಾಗಿ ಮಿಣುಕುವುದೇ ನಿಮ್ಮ ವೈರು. ವೈರು ಸಿಕ್ಕಮೇಲೆ, ಜೋಡಿಸುವ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಿಡಿ. ರೆಸಿಸ್ಟರ್ ಜೊತೆ ಒತ್ತಿ ಹಾಕುವ ನೀಲಿ ಕ್ಲಿಪ್ ಕೊಡುತ್ತಾರೆ. ಒಳಗಿನ ಎಳೆಗಳನ್ನು ಅದು ಅರ್ಧ ಕತ್ತರಿಸಿಬಿಡುವುದುಂಟು. ಬೆಸುಗೆ ಹಾಕಿ ಮೇಲೆ ಸ್ಲೀವ್ ಎಳೆಯುವುದೇ ನನಗೆ ಇಷ್ಟ.

ಜಾಗ ಹುಡುಕುವಾಗ ಆತುರ ಬೇಡ. ಬರೀ ಲೋಹದ ಬಾಡಿ ಬೇಕು. ಸುತ್ತ ಪ್ಲಾಸ್ಟಿಕ್, ಕಾರ್ಪೆಟ್, ಸ್ಪಂಜ್, ಬೇರೆ ವೈರು ತಾಗಬಾರದು. ತೂತು ಕೊರೆಯುವ ಮುಂಚೆ ಹಿಂದೆ ಏನಿದೆ ನೋಡಿ, ಕೊರೆದ ಅಂಚಿಗೆ ಪ್ರೈಮರ್ ಹಚ್ಚಿ, ಇಲ್ಲದಿದ್ದರೆ ತುಕ್ಕು. ರೆಸಿಸ್ಟರ್ ಮೈಯಲ್ಲಿ ತೂತಿರುವ ಎರಡೂ ಕಿವಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಟೇಪ್ ಸುತ್ತಬೇಡಿ, ಅದು ಚಳಿಗೆ ಕಂಬಳಿ ಹೊದಿಸಿದ ಹಾಗೆ. ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲ, ಬೆಲ್ಲ ತುಂಬುವವರು ನಾವು. ಚೀಲ ಬಂದು ಒರಗುವ ಮೂಲೆ ಬೇಡವೇ ಬೇಡ.

ಎಷ್ಟು ಬೇಕು? ಬದಲಿಸಿದ ಪ್ರತಿ 21 ವ್ಯಾಟ್ ಬಲ್ಬಿಗೆ ಒಂದು. ಹಿಂದಿನ ಎರಡನ್ನೇ ಬದಲಿಸಿದರೆ ಎರಡು, ನಾಲ್ಕನ್ನೂ ಬದಲಿಸಿದರೆ ನಾಲ್ಕು.

ಇಷ್ಟು ಬರೆದ ಮೇಲೂ ನನ್ನ ಅಭಿಪ್ರಾಯ: ಫ್ಲಾಷರ್ ಬೇರೆಯಾಗಿ ಚುಚ್ಚುವಂಥದ್ದಾದರೆ ರೆಸಿಸ್ಟರ್ ಗೊಡವೆಯೇ ಬೇಡ. ಎಲ್‌ಇಡಿಗೆಂದೇ ಮಾಡಿದ ರಿಲೇ ಹಾಕಿ, ಪಿನ್‌ಗಳ ಕ್ರಮ ಮಾತ್ರ ಹೊಂದಬೇಕು. ಶಾಖವೂ ಇಲ್ಲ, ಕರೆಂಟೂ ಉಳಿಯುತ್ತದೆ. ಬೈಕ್‌ಗಳಲ್ಲಂತೂ ಇದೇ ಸುಲಭ. ಹಲವು ಹೊಸ ಕಾರುಗಳಲ್ಲಿ ಮಿಣುಕಿಸುವ ಕೆಲಸ ಕಂಪ್ಯೂಟರಿನೊಳಗೇ ಸೇರಿಹೋಗಿದೆ, ಬಿಚ್ಚಲು ರಿಲೇಯೇ ಇರುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ರೆಸಿಸ್ಟರೇ ದಾರಿ. ವಾರಂಟಿ ಇರುವ ಕಾರಾದರೆ ವೈರ್ ಮುಟ್ಟುವ ಮುಂಚೆ ಎರಡು ಸಲ ಯೋಚಿಸಿ.

ಇನ್ನೊಂದು ಮಾತು. ರೆಸಿಸ್ಟರ್ ಹಾಕಿದ ಮೇಲೆ ನಾಳೆ ಎಲ್‌ಇಡಿ ನಿಜವಾಗಿಯೂ ಸತ್ತರೂ ಕಾರಿಗೆ ಗೊತ್ತಾಗುವುದಿಲ್ಲ. ಕರೆಂಟ್ ಸರಿಯಾಗೇ ಹರಿಯುತ್ತಿರುತ್ತದೆ, ಒಳಗೆ ಟಿಕ್ ಟಿಕ್ ಸದ್ದೂ ಸರಿಯಾಗೇ ಕೇಳುತ್ತದೆ. ಅದಕ್ಕೇ ಈಗ ನಮ್ಮ ಮನೆಯಲ್ಲಿ ಸಂಜೆ ಕಾರನ್ನು ಕಾಂಪೌಂಡ್ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸುತ್ತೇವೆ. ಇಂಜಿನ್ ಆರಿಸುವ ಮುಂಚೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಇಂಡಿಕೇಟರ್ ಹಾಕಿ ಕನ್ನಡಿಯಲ್ಲಿ ಗೋಡೆ ನೋಡುತ್ತೇನೆ. ಹಳದಿ ಬೆಳಕು ಬಿದ್ದರೆ ಊಟಕ್ಕೆ ಹೋಗುವುದು.