ತರಬೇತಿಯೂ ಆಯಿತು, ಸಾಲವೂ ಸಿಕ್ಕಿತು: ಆಮೇಲೆ ಘಟಕ ನಿಲ್ಲುವುದೇಕೆ?

ಹುಮ್ಮಸ್ಸು ತುಂಬಿದರೆ ಉದ್ಯಮಿ ತಯಾರಾಗುತ್ತಾನೆ ಎಂಬ ನಂಬಿಕೆಗೆ ನಮ್ಮಲ್ಲಿ ಬಲ ಬಂದದ್ದು 1964ರಿಂದೀಚೆಗೆ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೆಕ್ಲೆಲೆಂಡ್ ಆಗ ಕಾಕಿನಾಡದ ವ್ಯಾಪಾರಿಗಳಿಗೆ ಹೈದರಾಬಾದಿನಲ್ಲಿ ಸಾಧನೆಯ ಹಂಬಲ ಬೆಳೆಸುವ ಶಿಬಿರ ಏರ್ಪಡಿಸಿದ್ದರು. ಶಿಬಿರಕ್ಕೆ ಬಂದವರಲ್ಲಿ ಹೆಚ್ಚಿನವರಿಗೆ ಅಂಗಡಿ, ಬಂಡವಾಳ, ಗಿರಾಕಿ ಮೊದಲೇ ಇದ್ದವು. ಮುಂದಿನ ಯೋಜನೆಗಳು ಶಿಬಿರವನ್ನು ಉಳಿಸಿಕೊಂಡು, ಈ ಮೂರೂ ಇಲ್ಲದ ನಿರುದ್ಯೋಗಿಗಳನ್ನು ಅದರಲ್ಲಿ ಕೂರಿಸಿದವು. ಎಡವಿದ್ದು ಅಲ್ಲೇ.

1982ರಲ್ಲಿ ಉಜಿರೆಯಲ್ಲಿ ಶುರುವಾದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಈ ಕೊರತೆಯನ್ನು ಗುರುತಿಸಿ, ತರಬೇತಿಯ ನಂತರವೂ ಎರಡು ವರ್ಷ ಬೆನ್ನಿಗೆ ನಿಲ್ಲುವ ಪದ್ಧತಿ ತಂದಿತು. ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರಗಳಾದ ಆರ್‌ಸೆಟಿಗಳಿಗೆ ಮಾದರಿ ಅದೇ.

2008ರಲ್ಲಿ ಎರಡು ಹಳೆಯ ಯೋಜನೆಗಳನ್ನು ಕೂಡಿಸಿ ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ, ಬಂತು. ಸ್ವಂತ ಘಟಕ ಹಾಕುವವರಿಗೆ ಬ್ಯಾಂಕ್ ಸಾಲದ ಜತೆ ಸರ್ಕಾರದ ಸಹಾಯಧನ ಕೊಡುವ ಯೋಜನೆ ಇದು. ಹಳ್ಳಿಯ ಮಹಿಳೆಯೊಬ್ಬರು 4 ಲಕ್ಷ ರೂಪಾಯಿಯ ಅಡಿಕೆ ಹಾಳೆ ತಟ್ಟೆ ಘಟಕ ಹಾಕುತ್ತಾರೆ ಎನ್ನಿ. ಅವರ ಪಾಲು ಶೇ 5, ಅಂದರೆ 20,000. ಉಳಿದ 3.8 ಲಕ್ಷ ಬ್ಯಾಂಕ್ ಸಾಲ. ಶೇ 35ರ ಸಹಾಯಧನ, 1.4 ಲಕ್ಷ, ಕೈಗೆ ಬರುವುದಿಲ್ಲ. ಮೂರು ವರ್ಷ ಅವರ ಹೆಸರಿನ ಠೇವಣಿಯಲ್ಲಿರುತ್ತದೆ. ಅಷ್ಟು ಸಾಲಕ್ಕೆ ಬಡ್ಡಿ ಬೀಳದಿರುವುದು ನಿಜವಾದ ಅನುಕೂಲವೇ. ಆದರೆ ಕೈ ಕಟ್ಟಿದಾಗ ಆ ಹಣ ತೆಗೆಯುವಂತಿಲ್ಲ.

ಕೈ ಕಟ್ಟುವುದಂತೂ ಖಚಿತ. ಯೋಜನಾ ವೆಚ್ಚದಲ್ಲಿ ಯಂತ್ರದ ಜತೆ ಸೇರುವುದು ಒಂದು ಸುತ್ತಿನ ದುಡಿಯುವ ಬಂಡವಾಳ, ಅಂದರೆ ಕಚ್ಚಾವಸ್ತು, ಕೂಲಿಯಂಥ ದಿನನಿತ್ಯದ ಖರ್ಚಿನ ಹಣ, ಮಾತ್ರ. ಹಾಳೆಯನ್ನಾದರೋ ಬೇಸಿಗೆಯಲ್ಲೇ ಆಯ್ದು, ಒಣಗಿಸಿ, ಮಳೆಗಾಲಕ್ಕೂ ದಾಸ್ತಾನು ಮಾಡಬೇಕು. ತೇವ ತಗುಲಿದರೆ ಬೂಷ್ಟು ಹಿಡಿದು ಎಸೆಯುವುದೇ ಗತಿ. ಹಾಳೆ, ಕೂಲಿ, ಕರೆಂಟಿಗೆ ತಿಂಗಳಿಗೆ 60,000 ಬೇಕಾದರೆ, ಸಗಟು ಖರೀದಿದಾರ ಎರಡು ತಿಂಗಳ ಉದ್ದರಿ ಹೇಳಿದೊಡನೆ 1.2 ಲಕ್ಷ ಹೊರಗೆ ಸಿಕ್ಕಿಕೊಳ್ಳುತ್ತದೆ. ಕಂತು ಮಾತ್ರ ಕಾಯುವುದಿಲ್ಲ. ಒಂದೇ ಊರಿನಲ್ಲಿ ಅದೇ ಯಂತ್ರದ ನಾಲ್ಕು ಘಟಕಗಳೆದ್ದರೆ ಹಾಳೆಯ ದರ ಏರಿ, ತಟ್ಟೆಯ ದರ ಇಳಿಯುತ್ತದೆ. ಇದಕ್ಕೆ ತರಬೇತಿಯಲ್ಲಿ ಮದ್ದಿಲ್ಲ.

ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಖರೀದಿದಾರನ ಹಣ ಪಾವತಿಗೆ ಹೆಚ್ಚೆಂದರೆ 45 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ವಸೂಲಿಗೆ, ಇಂಥ ಬಾಕಿಯ ತಕರಾರು ಬಗೆಹರಿಸುವ ಸೌಲಭ್ಯ ಮಂಡಳಿಗೆ ದೂರು ಕೊಡಬೇಕು. ಇರುವ ಒಬ್ಬನೇ ಖರೀದಿದಾರನ ಮೇಲೆ ದೂರು ಕೊಡುವ ಧೈರ್ಯ ಯಾರಿಗಿದ್ದೀತು? ಆದ್ದರಿಂದ ಮಂಜೂರಾತಿಗೆ ಮುನ್ನ ಯಂತ್ರದ ಕೊಟೇಶನ್ ಜತೆಗೆ ಕನಿಷ್ಠ ಇಬ್ಬರು ಖರೀದಿದಾರರ ಲಿಖಿತ ಬೇಡಿಕೆ, ಅವರ ಪಾವತಿ ಅವಧಿ ಮತ್ತು ಮಳೆಗಾಲದ ದಾಸ್ತಾನಿನ ಲೆಕ್ಕವನ್ನೂ ಬ್ಯಾಂಕುಗಳು ಕೇಳಬೇಕು.