"ಒಬ್ಬರೂ ಬೇಡ ಅನ್ನಲಿಲ್ಲವಲ್ಲ ಮೇಡಂ!"

ಸಂಘ, ಆಫೀಸು, ಕುಟುಂಬದ ವ್ಯಾಪಾರ, ಎಲ್ಲಿಂದ ಬಂದವರಾದರೂ ನನ್ನೆದುರು ಕೂತು ಹೇಳುವ ದೂರು ಒಂದೇ. "ಮೀಟಿಂಗ್‌ನಲ್ಲಿ ಎಲ್ಲರೂ ಒಪ್ಪಿದ್ರು ಮೇಡಂ. ಒಬ್ಬರೂ ಬೇಡ ಅನ್ನಲಿಲ್ಲ. ಈಗ ನೋಡಿದ್ರೆ ಒಬ್ಬರೂ ಕೈ ಜೋಡಿಸ್ತಿಲ್ಲ." ಆಮೇಲೆ ಬೇಡಿಕೆಯೂ ಒಂದೇ. "ನಮ್ಮವರಿಗೆ ಧೈರ್ಯವಾಗಿ ಮಾತಾಡೋದು ಕಲಿಸಿ. ಒಂದು ದಿನದ ಟ್ರೈನಿಂಗ್ ಇಡೋಣ."

ಬೇಡ. ಆ ದುಡ್ಡು ಉಳಿಸಿಕೊಳ್ಳಿ. ನಿಮ್ಮವರ ಧೈರ್ಯಕ್ಕೆ ಏನೂ ಆಗಿಲ್ಲ. ಮನೆಯಲ್ಲಿ, ಮಾರ್ಕೆಟ್ಟಿನಲ್ಲಿ, ಲಿಫ್ಟ್ ಮುಂದೆ ಚೆನ್ನಾಗಿಯೇ ಮಾತಾಡುತ್ತಾರೆ.

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಮೂಲೆಯಲ್ಲಿ ಸುಮ್ನೆ ಕೂತು ನೋಡುತ್ತಿದ್ದೆ. ಬೇಸ್‌ಮೆಂಟಿನ ಪಾರ್ಕಿಂಗ್‌ನಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಜಿಮ್ ಮಾಡಬೇಕು ಅನ್ನುವುದು ವಿಷಯ. ಕಾರ್ಯದರ್ಶಿ ಖರ್ಚಿನ ಪಟ್ಟಿ ಓದಿ, "ಯಾರದಾದ್ರೂ ಆಕ್ಷೇಪಣೆ ಇದೆಯಾ?" ಎಂದರು. ಮುಂದಿನ ಸಾಲಿನ ಹೆಂಗಸು ಪಕ್ಕದವರ ಮುಖ ನೋಡಿದರು. ಪಕ್ಕದವರು ಫೋನ್ ನೋಡುತ್ತಿದ್ದರು. ಹಿಂದೆ ಕೂತಿದ್ದ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು, ಸುತ್ತ ಕಣ್ಣಾಡಿಸಿದರು, ಸುಮ್ಮನಾದರು. ಕಾರ್ಯದರ್ಶಿ ಪುಸ್ತಕದಲ್ಲಿ "ಸರ್ವಾನುಮತ" ಎಂದು ಬರೆದುಕೊಂಡರು. ಬೋಂಡ, ಕಾಫಿ ಬಂತು. ನಿಜವಾದ ಸಭೆ ಆಗ ಲಿಫ್ಟ್ ಮುಂದೆ ಶುರುವಾಯಿತು.

"ನೀರಿಗೇ ಟ್ಯಾಂಕರ್ ತರಿಸ್ತಿದ್ದೀವಿ. ಇವರಿಗೆ ಜಿಮ್ ಬೇಕಂತೆ!"

"ಅಯ್ಯೋ, ನಿಮಗೂ ಹಾಗೇ ಅನ್ನಿಸ್ತಾ? ನಾನೊಬ್ಬಳೇ ಅಂದ್ಕೊಂಡಿದ್ದೆ."

ಆ ಎರಡನೆಯವರ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ತಾನು ಯಾಕೆ ಸುಮ್ಮನಿದ್ದೆ ಅನ್ನುವುದು ಆಕೆಗೆ ಚೆನ್ನಾಗಿ ಗೊತ್ತು: ಸಂಕೋಚ. ಉಳಿದವರೂ ಸುಮ್ಮನಿದ್ದರಲ್ಲ, ಅದು ಯಾಕೆ? ಅವರಿಗೆಲ್ಲ ಒಪ್ಪಿಗೆ ಇದೆ ಅಂತ ಆಕೆ ಲೆಕ್ಕ ಹಾಕಿದರು. ತನ್ನ ಮೌನಕ್ಕೆ ಒಂದು ಅರ್ಥ, ಬೇರೆಯವರ ಮೌನಕ್ಕೆ ಇನ್ನೊಂದು ಅರ್ಥ. ಪಕ್ಕದಲ್ಲಿ ಕೂತವರೂ ಆಕೆಯ ಬಗ್ಗೆ ಹಾಗೇ ಲೆಕ್ಕ ಹಾಕುತ್ತಿದ್ದರು, ಹಿಂದಿನ ಸಾಲಿನ ಹಿರಿಯರೂ ಅಷ್ಟೇ. ಹೀಗೆ ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡು, ಯಾರಿಗೂ ಬೇಡದ ಜಿಮ್ಮನ್ನು ಎಲ್ಲರೂ ಸೇರಿ ಮಂಜೂರು ಮಾಡಿದರು. ಎದುರಿಗೆ ನಿಂತ ಕಾರ್ಯದರ್ಶಿ ಮೋಸ ಮಾಡಲಿಲ್ಲ. ಅವರಿಗೆ ಕಂಡದ್ದೂ ಬರೀ ಮೌನವೇ.

ಮನಶ್ಶಾಸ್ತ್ರದಲ್ಲಿ ಇದನ್ನು ಪ್ಲೂರಲಿಸ್ಟಿಕ್ ಇಗ್ನೊರೆನ್ಸ್ ಅನ್ನುತ್ತಾರೆ. ಹೆಸರು ಮರೆತರೂ ನಷ್ಟವಿಲ್ಲ. ಇದರ ಬಗ್ಗೆ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮಾತ್ರ ನನಗೆ ಬಹಳ ಇಷ್ಟ. ಮೂವರು ಅರ್ಥಶಾಸ್ತ್ರಜ್ಞರು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮದುವೆಯಾದ ಯುವಕರನ್ನು ಕೂರಿಸಿ, ಹೆಂಗಸರು ಹೊರಗೆ ಹೋಗಿ ದುಡಿಯಬಹುದಾ ಎಂದು ಗುಟ್ಟಾಗಿ ಕೇಳಿದರು. ಬಹುಪಾಲು ಜನ ದುಡಿಯಲಿ ಎಂದರು. ಆದರೆ ಬೇರೆ ಗಂಡಸರು ಏನನ್ನುತ್ತಾರೆ ಎಂದು ಕೇಳಿದರೆ, ಅಷ್ಟೊಂದು ಜನ ಒಪ್ಪಲಿಕ್ಕಿಲ್ಲ ಎಂದು ಹೆಚ್ಚಿನವರು ಭಾವಿಸಿದ್ದರು. ಆಮೇಲೆ ಕೆಲವರಿಗೆ ನಿಜವಾದ ಸಂಖ್ಯೆ ತಿಳಿಸಿದರು. ಭಾಷಣವಿಲ್ಲ, ಬುದ್ಧಿವಾದವಿಲ್ಲ, ಬರೀ ಸಂಖ್ಯೆ. ಅದು ತಿಳಿದವರಲ್ಲಿ ಹೆಂಡತಿಯ ಹೆಸರನ್ನು ಕೆಲಸ ಹುಡುಕಿಕೊಡುವ ಸೇವೆಗೆ ಬರೆಸಿದವರು ಜಾಸ್ತಿ.

ಧೈರ್ಯದ ಟ್ರೈನಿಂಗ್ ಬೇಡ ಅಂದದ್ದು ಇದಕ್ಕೇ. ಆ ಗಂಡಸರ ಮನಸ್ಸನ್ನು ಯಾರೂ ಬದಲಾಯಿಸಲಿಲ್ಲ. ಪಕ್ಕದವನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಸಿದರು, ಅಷ್ಟೇ.

ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲಿ ಅಮೆರಿಕದ ಕಾಲೇಜು ಹುಡುಗರಿಗೆ ಗೆರೆಗಳನ್ನು ತೋರಿಸಿ, ಯಾವುದು ಯಾವುದಕ್ಕೆ ಸಮ ಎಂದು ಕೇಳಿದ ಕತೆ ನೀವು ಕೇಳಿರಬಹುದು. ತಪ್ಪು ಉತ್ತರ ಹೇಳಿ ಎಂದು ಮೊದಲೇ ಹೇಳಿಕೊಟ್ಟು ಕೂರಿಸಿದ್ದವರೆಲ್ಲ ಒಂದೇ ದನಿಯಲ್ಲಿ ತಪ್ಪು ಹೇಳಿದಾಗ, ಏನೂ ಗೊತ್ತಿಲ್ಲದ ಒಬ್ಬ ಹುಡುಗ ಮೂರರಲ್ಲಿ ಒಂದು ಸಲ ಅವರ ಜತೆ ಸೇರಿಬಿಡುತ್ತಿದ್ದ. ಎಲ್ಲರೂ ಇಲ್ಲಿಗೆ ನಿಲ್ಲಿಸಿ "ನೋಡಿ, ಜನ ಕುರಿಮಂದೆ" ಅನ್ನುತ್ತಾರೆ. ನನಗೆ ರೇಗುತ್ತದೆ. ಮೂರರಲ್ಲಿ ಎರಡು ಸಲ ಅವರು ಸೇರಲಿಲ್ಲವಲ್ಲ! ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಕೊಟ್ಟರೆ ಸಾಕು, ಹೀಗೆ ಸೇರುವುದು ಬಹಳ ಕಡಿಮೆಯಾಗುತ್ತಿತ್ತು. ಆ ಒಬ್ಬ ಬೇರೆಯದೇ ತಪ್ಪು ಉತ್ತರ ಹೇಳಿದರೂ ಉಳಿದವರ ಕಟ್ಟು ಸಡಿಲವಾಗುತ್ತಿತ್ತು. ಬಾಯಲ್ಲಿ ಹೇಳುವ ಬದಲು ಉತ್ತರವನ್ನು ಬರೆದು ಕೊಡಿ ಎಂದಾಗಲೂ ಅಷ್ಟೇ.

ಹಾಗಾಗಿ ನಾನು ಮಾಡಿಸುವ ಕೆಲಸ ತೀರ ಸಾಮಾನ್ಯದ್ದು. "ಆಕ್ಷೇಪಣೆ ಇದೆಯಾ?" ಎಂದು ಕೇಳುವುದನ್ನು ಬಿಡಿಸುತ್ತೇನೆ. ಅದಕ್ಕೆ ಉತ್ತರ ಕೊಡಬೇಕಾದವನು ಒಬ್ಬನೇ ಎದ್ದು ನಿಲ್ಲಬೇಕು, ಒಪ್ಪಿದವನು ಕೂತಿದ್ದರಾಯಿತು. ಅದರ ಬದಲು ಚರ್ಚೆಗೆ ಮೊದಲೇ ಚೀಟಿ ಹಂಚಿ. "ಇದರಲ್ಲಿ ನಿಮಗೆ ಸರಿ ಕಾಣದ್ದು ಏನು?" ಎಂದು ಬರೆಸಿ. ಹೆಸರು ಬೇಡ. ಎಲ್ಲವನ್ನೂ ಕಲೆಸಿ ಗಟ್ಟಿಯಾಗಿ ಓದಿ.

ಮಂಡ್ಯದ ಕಡೆ ಒಂದು ಮಹಿಳಾ ಸ್ವಸಹಾಯ ಸಂಘದಲ್ಲಿ ಕೆಲವರಿಗೆ ಬರೆಯಲು ಬರುತ್ತಿರಲಿಲ್ಲ. ಹಿಟ್ಟಿನ ಗಿರಣಿಗೆ ಸಾಲ ತೆಗೆಯಬೇಕೋ ಬೇಡವೋ ಅನ್ನುವುದು ವಿಷಯ. ಸಾಲ ಬೇಕು ಅನ್ನುವವರು ಹುಣಸೆಬೀಜ, ಬೇಡ ಅನ್ನುವವರು ಕಡಲೆಕಾಳು ಹಾಕಿ ಎಂದು ಒಳಕೋಣೆಯಲ್ಲಿ ಒಂದು ಕೊಡ ಇಟ್ಟೆವು. ಒಬ್ಬೊಬ್ಬರೇ ಒಳಗೆ ಹೋಗಿ ಬಂದರು. ಆಮೇಲೆ ಕೊಡವನ್ನು ಮೊರಕ್ಕೆ ಸುರಿದರೆ ಬರೀ ಕಡಲೆಕಾಳು! ಒಂದೂ ಹುಣಸೆಬೀಜ ಇಲ್ಲ. ಅಂದರೆ ತಿಂಗಳುಗಟ್ಟಲೆ ಬ್ಯಾಂಕಿಗೆ ಓಡಾಡಿದ್ದ ಅಧ್ಯಕ್ಷೆಯೂ ಹಾಕಿದ್ದು ಕಡಲೆಕಾಳೇ. ಆಕೆ ಮೊದಲು ಮುಖ ಸಿಂಡರಿಸಿದರು, ಆಮೇಲೆ ನಗು ತಡೆಯಲಾಗಲಿಲ್ಲ. "ನಂಗೂ ಬ್ಯಾಡ ಅನ್ನಿಸ್ತಿತ್ತು ಕಣವ್ವಾ. ನೀವೆಲ್ಲ ಆಸೆಪಟ್ಟಿದ್ದೀರಿ ಅಂತ ಓಡಾಡಿದ್ದು!" ಕಡಲೆಯನ್ನು ಅಲ್ಲೇ ಹುರಿದು ತಿಂದೆವು.

ಎಲ್ಲ ಕಡೆ ಇಷ್ಟು ಚೆಂದ ಆಗುವುದಿಲ್ಲ. ಮೌನ ಕೆಲವೊಮ್ಮೆ ನಿಜವಾಗಿಯೂ ಒಪ್ಪಿಗೆಯೇ, ಇಲ್ಲವೆಂದಲ್ಲ. ಕೆಲವು ಆಫೀಸುಗಳಲ್ಲಿ ಜನ ಸುಮ್ಮನಿರುವುದು ಪಕ್ಕದವನನ್ನು ತಪ್ಪಾಗಿ ತಿಳಿದು ಅಲ್ಲ, ಬಾಸ್‌ನನ್ನು ಸರಿಯಾಗಿ ತಿಳಿದು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ ಎಂಬ ಭಯ ನಿಜವಾಗಿದ್ದರೆ ಚೀಟಿಯಿಂದ ಏನೂ ಆಗದು. ಅಂಥ ಕಡೆ ನಾನು ಚೀಟಿ ಕೊಡುವುದೇ ಇಲ್ಲ. ಯಾರು ಬರೆದದ್ದು ಎಂದು ಹುಡುಕಲು ಶುರುಮಾಡುತ್ತಾರೆ.

ನಾಲ್ಕೈದು ಜನರ ಗುಂಪಿಗೂ ಚೀಟಿ ಆಗಿಬರುವುದಿಲ್ಲ. ಅಕ್ಷರ ನೋಡಿದರೇ ಯಾರದು ಎಂದು ತಿಳಿಯುತ್ತದೆ. ಅಣ್ಣತಮ್ಮಂದಿರು ನಡೆಸುವ ಒಂದು ಬಟ್ಟೆ ಅಂಗಡಿಯವರು ಇನ್ನೊಂದು ಶಾಖೆ ತೆಗೆಯಲು ಹೊರಟಿದ್ದರು. ದೊಡ್ಡಣ್ಣನಿಗೆ ಹೇಳಿದ್ದು ಒಂದೇ ಮಾತು: "ನೀವು ಕೊನೆಗೆ ಮಾತಾಡಿ. ಮೊದಲು ಚಿಕ್ಕವನು." ಅವರು ಕಷ್ಟಪಟ್ಟು ಬಾಯಿ ಮುಚ್ಚಿಕೊಂಡು ಕೂತರು. ಚಿಕ್ಕವನು ಮೊದಲು "ಅಣ್ಣ ಹೇಳಿದ ಹಾಗೆ" ಅಂದ. ಅಣ್ಣ ಇನ್ನೂ ಏನೂ ಹೇಳಿರಲಿಲ್ಲ! ನಾನು ಅದನ್ನು ನೆನಪಿಸಿದ ಮೇಲೆ ಜೇಬಿನಿಂದ ಮಡಿಚಿದ ಹಾಳೆ ತೆಗೆದು ಗೋಡೌನ್ ಬಾಡಿಗೆಯ ಲೆಕ್ಕ ಓದಿದ. ಲೆಕ್ಕ ಬರೆದಿಟ್ಟುಕೊಂಡು ತುಂಬ ದಿನ ಆಗಿತ್ತಂತೆ. ಮಧ್ಯದವನು "ನಂದೂ ಅದೇ ಲೆಕ್ಕ" ಅಂದ. ದೊಡ್ಡಣ್ಣ ಹಾಳೆ ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಮೊದಲ ಸಾಲಿನಿಂದ ಕೂಡಲು ಶುರುಮಾಡಿದರು.